ಒಳಗೆ ಬಿಟ್ಟ ಎರಡಿಂಚು

ಇಂಚಕ್ಕನ ಕೊರಳಲ್ಲಿ ಅಳತೆ ಟೇಪು ಇಲ್ಲದ್ದನ್ನು ಆ ಬೀದಿಯವರು ಯಾರೂ ಕಂಡಿಲ್ಲ. ಒಲೆ ಮುಂದೆ ನಿಂತಾಗಲೂ ಟೇಪು, ತರಕಾರಿ ತರಲು ಹೋದಾಗಲೂ ಟೇಪು. ಎದುರಿಗೆ ಯಾರಾದರೂ ಬಂದರೆ ಮುಖ ನೋಡುವ ಮೊದಲು ಭುಜ ನೋಡುತ್ತಿದ್ದಳು. "ಹದಿನೇಳೂವರೆ" ಎಂದು ಮನಸ್ಸಿನಲ್ಲೇ ಅಂದುಕೊಂಡು, ಆಮೇಲೆ "ಚೆನ್ನಾಗಿದೀರಾ?" ಎನ್ನುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಬಾಗಿಲ ಮೇಲೊಂದು ಹಲಗೆ: ಅಳತೆ ತಪ್ಪಿದರೆ ಹೊಲಿಗೆ ಪುಕ್ಕಟೆ. ಇಪ್ಪತ್ತೈದು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಅವಳು ಪುಕ್ಕಟೆ ಹೊಲಿದುಕೊಡುವ ಸಂದರ್ಭ ಬಂದಿರಲಿಲ್ಲ.

ಅವಳದೊಂದು ಪದ್ಧತಿ. ಯಾರ ಬಟ್ಟೆಯಾದರೂ ಸರಿ, ಅಳತೆಗಿಂತ ಎರಡಿಂಚು ಹೆಚ್ಚಿಗೆ ಕತ್ತರಿಸಿ, ಆ ಎರಡಿಂಚನ್ನು ಒಳಗೆ ಮಡಚಿ ಹೊಲಿಯುವುದು. "ಒಳಗೆ ಬಿಟ್ಟಿದೀನಿ" ಎಂದು ಹೇಳಿಯೇ ಕೊಡುವುದು. ಮಕ್ಕಳು ಬೆಳೆದರೆ ಬಿಚ್ಚಿ ಉದ್ದ ಮಾಡಿಕೊಳ್ಳಬಹುದಲ್ಲ! "ನಂಗ್ಯಾಕ್ರೀ ಒಳಗೆ ಬಿಟ್ಟಿದೀರ, ನಾನೇನು ಬೆಳೆಯೋ ಹುಡುಗನಾ?" ಎಂದು ಬ್ಯಾಂಕಿನ ಗುಮಾಸ್ತರೊಬ್ಬರು ಕೇಳಿದ್ದಕ್ಕೆ, "ನೀವು ಬೆಳೀದಿದ್ರೂ ನಿಮ್ಮ ಹೊಟ್ಟೆ ಸುಮ್ನಿರುತ್ತಾ?" ಎಂದಿದ್ದಳು. ಗುಮಾಸ್ತರು ಮರುವರ್ಷ ಬಂದು ತೆಪ್ಪಗೆ ಬಿಚ್ಚಿಸಿಕೊಂಡು ಹೋದರು.

ಇನ್ನು ಹಿತ್ತಿಲಿನ ವಿಷಯ. ಇಂಚಕ್ಕನ ಮನೆಯ ಹಿಂಬಾಗಿಲು ತೆಗೆದರೆ ಹುಲ್ಲಿನ ಬಯಲು. ಅದರ ಆಚೆ ತುದಿಗೆ ಅವಳ ಮೈದುನನ ಮನೆಯ ಹಿಂಬಾಗಿಲು. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ. ಎರಡು ಕಬ್ಬಿಣದ ಕಂಬ, ಕಂಬಕ್ಕೆ ಕಟ್ಟಿದ ಬಟ್ಟೆ ಒಣಹಾಕುವ ಹಗ್ಗ. ಹಗ್ಗದ ಎಡ ಅರ್ಧದಲ್ಲಿ ಅಣ್ಣನ ಷರಟು, ಬಲ ಅರ್ಧದಲ್ಲಿ ತಮ್ಮನ ಷರಟು. ಗಾಳಿ ಬೀಸಿದಾಗ ಷರಟುಗಳ ತೋಳು ಒಂದಕ್ಕೊಂದು ತಾಗುತ್ತಿದ್ದವು. ಷರಟಿನೊಳಗಿನ ಗಂಡಸರು ಮಾತ್ರ ಆರು ವರ್ಷದಿಂದ ಮಾತು ಬಿಟ್ಟಿದ್ದರು.

ಕಾರಣ ಕೇಳಿದರೆ ನಗಬೇಡಿ. ಕಾರಣ ಒಂದು ಶಟಲ್.

ಎಂಟು ವರ್ಷದ ಹಿಂದೆ ಅಣ್ಣತಮ್ಮಂದಿರಿಗೆ ಶಟಲ್ ಆಟದ ಹುಚ್ಚು ಹಿಡಿದಿತ್ತು. ಅಣ್ಣ, ಅಂದರೆ ಇಂಚಕ್ಕನ ಗಂಡ, ನೀರು ಸರಬರಾಜು ಕಚೇರಿಯಲ್ಲಿ ವಾಲ್ವ್ ತಿರುಗಿಸುವ ಕೆಲಸದವನು. ತಮ್ಮನದು ಸೈಕಲ್ ರಿಪೇರಿ ಅಂಗಡಿ. ಹಿತ್ತಿಲಲ್ಲಿ ಸರಿಯಾದ ಅಂಕಣವೇ ಆಗಬೇಕೆಂದು ಇಬ್ಬರೂ ಪಟ್ಟುಹಿಡಿದರು. ಅಳೆಯುವವರು ಯಾರು? ಅದನ್ನೂ ಕೇಳಬೇಕೆ! ಇಂಚಕ್ಕ ಟೇಪು ಹಿಡಿದು ಅಳೆದಳು, ನಾಲ್ಕು ಮೂಲೆಗೆ ಅರ್ಧರ್ಧ ಇಟ್ಟಿಗೆ ಹೂಳಿದಳು, ಸುಣ್ಣದ ಗೆರೆ ಎಳೆದಳು, ನೆಟ್ಟಿಗೆಂದು ನಡುವೆ ಎರಡು ಕಬ್ಬಿಣದ ಕಂಬ ನೆಡಿಸಿದಳು. ಕೊಂಡುತಂದ ನೆಟ್ಟು ಕಂಬದಿಂದ ಕಂಬಕ್ಕೆ ಎಂಟಿಂಚು ಸಾಲದೆ ಬಂದಾಗ ಅಂಗಡಿಯವನಿಗೆ ಹೋಗಿ ಬೈದೂ ಬಂದಳು. ಪಾಪ, ಅವನು ಬೈಸಿಕೊಂಡು ಸುಮ್ಮನಿದ್ದ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಒಂದು ಭಾನುವಾರ ಆಟ ಇಪ್ಪತ್ತು–ಹತ್ತೊಂಬತ್ತಕ್ಕೆ ಬಂದು ನಿಂತಿತು. ಮುಂದಿದ್ದವನು ಅಣ್ಣ. ಒಂದು ಹೊಡೆತ ಗೆದ್ದರೆ ಆಟ ಅವನದು. ಹೊಡೆದ. ಶಟಲ್ ತಮ್ಮನ ತಲೆ ಮೇಲೆ ಹಾರಿ ಹಿಂದೆ ಬಿತ್ತು.

"ಹೊರಗೆ!" ಎಂದ ತಮ್ಮ.

"ಕಣ್ಣು ನೆತ್ತಿ ಮೇಲಿದೆಯೇನೋ? ಗೆರೆಯಿಂದ ನಾಲ್ಕು ಬೆರಳು ಒಳಗೆ ಬಿದ್ದಿದೆ."

"ಗೆರೆಗೆ ಒಳಗೇ ಬಿದ್ದಿದೆ, ನಾನೇನು ಕುರುಡನಾ? ಗೆರೆನೇ ಸರಿಯಿಲ್ಲ ಅಂತಿರೋದು ನಾನು. ಎಷ್ಟು ಹಿಂದಕ್ಕೆ ಓಡಿದ್ರೂ ಮುಗಿಯಲ್ಲ ಈ ಕೋರ್ಟು. ಪ್ಯಾಂಟು ಅಳೆಯೋ ಟೇಪಲ್ಲಿ ಕೋರ್ಟು ಅಳೆದ್ರೆ ಹೀಗೇ ಆಗೋದು!"

ಅಣ್ಣನ ಮುಖ ಕೆಂಪೇರಿತು. "ನನ್ನ ಹೆಂಡ್ತಿ ಅಳತೆ ತಪ್ಪು ಅಂತೀಯಾ?"

"ಅಂತೀನಿ."

"ಇನ್ನೊಂದ್ಸಲ ಅನ್ನು."

"ನೂರು ಸಲ ಅಂತೀನಿ."

ಅಷ್ಟೇ. ಅಣ್ಣ ನೆಟ್ಟು ಬಿಚ್ಚಿ ಅಟ್ಟಕ್ಕೆ ಎಸೆದ. ಅಂದಿನಿಂದ ಇಬ್ಬರೂ ಎದುರುಬದುರು ನಿಂತರೂ ನೇರ ಮಾತಿಲ್ಲ. "ನಿನ್ನ ಗಂಡನಿಗೆ ಹೇಳಮ್ಮ, ನಾಳೆ ನೀರು ಐದಕ್ಕೇ ಬಿಡ್ತಾರೆ" ಎಂದು ಅಣ್ಣ ತಮ್ಮನ ಹೆಂಡತಿಗೆ ಹೇಳುವನು. ತಮ್ಮ ಪಕ್ಕದಲ್ಲೇ ನಿಂತು ಆಕಾಶ ನೋಡುವನು. "ಅತ್ತಿಗೆ, ಅಣ್ಣನ ಸೈಕಲ್ ಬ್ರೇಕು ಪೂರ್ತಿ ಸವೆದಿದೆ, ಬಿದ್ದುಗಿದ್ದಾರು" ಎಂದು ತಮ್ಮ ಇಂಚಕ್ಕನಿಗೆ ಹೇಳುವನು. ಅಣ್ಣ ಸೈಕಲ್ಲನ್ನು ಹಿತ್ತಿಲಲ್ಲಿ ಮರೆತವನಂತೆ ಬಿಟ್ಟು ಹೋಗುವನು, ಸಂಜೆಗೆ ಹೊಸ ಬ್ರೇಕು ಬಿದ್ದಿರುತ್ತಿತ್ತು. ಜಗಳವಾಡುವುದನ್ನೂ ಇವರಿಬ್ಬರಿಗೆ ಸರಿಯಾಗಿ ಯಾರೂ ಕಲಿಸಿರಲಿಲ್ಲ. ಆದರೂ ಆರು ವರ್ಷ ಅಂದರೆ ಆರು ವರ್ಷ. ಗಂಡ ತನ್ನ ಹೆಸರಿಗಾಗಿ ಒಡಹುಟ್ಟಿದವನನ್ನೇ ಬಿಟ್ಟನಲ್ಲ ಎಂದು ಇಂಚಕ್ಕನಿಗೆ ಒಳಗೊಳಗೆ ಹೆಮ್ಮೆಯೂ ಇತ್ತು, ಸಂಕಟವೂ ಇತ್ತು.

ಹೀಗಿರುವಾಗ ಒಂದು ಶುಕ್ರವಾರ ಮಧ್ಯಾಹ್ನ ಚೂಟಿ ಹಿಂಬಾಗಿಲಿಂದ ಧುಮುಧುಮು ಬಂದಳು. ಚೂಟಿ ಮೈದುನನ ಮಗಳು, ಹದಿನಾಲ್ಕು ವರ್ಷ, ನಿಂತಲ್ಲಿ ನಿಲ್ಲುವ ಜಾತಿಯಲ್ಲ. ಅಪ್ಪನ ರ್‍ಯಾಕೆಟ್ ಹಿಡಿದು ಆ ಹಿತ್ತಿಲಲ್ಲೇ, ಬಟ್ಟೆ ಹಗ್ಗವನ್ನೇ ನೆಟ್ಟು ಮಾಡಿಕೊಂಡು, ಹೂತಿದ್ದ ಇಟ್ಟಿಗೆಗಳನ್ನೇ ಗುರುತಿಟ್ಟುಕೊಂಡು ಆಟ ಕಲಿತವಳು.

"ದೊಡ್ಡಮ್ಮ, ನಾನು ಸತ್ತೆ" ಎಂದಳು.

"ಸತ್ತೋರು ಕಾಲು ತೊಳ್ಕೊಂಡು ಒಳಗೆ ಬರ್ಬೇಕು. ಏನಾಯ್ತೇ?"

"ಭಾನುವಾರ ಶಾಲೆ ತಂಡಕ್ಕೆ ಆಯ್ಕೆ. ಇವತ್ತು ಶಾಲೆ ಕೋರ್ಟಲ್ಲಿ ಆಡ್ಸಿದ್ರು. ಉದ್ದ ಹೊಡೆದಿದ್ದೆಲ್ಲ ಹೊರಗೆ! ಒಂದೊಂದೂ ಒಂದು ಗೇಣು ಹೊರಗೆ. 'ಕೈ ಹದ ಇಲ್ಲ ನಿಂಗೆ' ಅಂದ್ರು ಡ್ರಿಲ್ ಮೇಷ್ಟ್ರು. ಇಲ್ಲಿ ಹೊಡೆದ್ರೆ ಎಲ್ಲ ಇಟ್ಟಿಗೆ ಹತ್ರನೇ ಬೀಳುತ್ತೆ ದೊಡ್ಡಮ್ಮ, ಅಳ್ತೆ ಇಟ್ಟ ಹಾಗೆ!" ಎಂದು ಒಂದು ಚೀಟಿ ಚಾಚಿದಳು. ಮೇಷ್ಟ್ರು ಬರೆದುಕೊಟ್ಟಿದ್ದರು: ಉದ್ದ ನಲವತ್ನಾಲ್ಕು ಅಡಿ, ಅಗಲ ಇಪ್ಪತ್ತು, ಒಬ್ಬೊಬ್ಬರೇ ಆಡುವುದಾದರೆ ಪಕ್ಕದ ಗೆರೆ ಎರಡೂ ಕಡೆ ಒಂದೂವರೆ ಅಡಿ ಒಳಗೆ, ನೆಟ್ಟಿನಿಂದ ಸರ್ವಿಸ್ ಗೆರೆಗೆ ಆರೂವರೆ ಅಡಿ, ನೆಟ್ಟಿನ ಎತ್ತರ ನಡುವೆ ಐದು ಅಡಿ, ಕಂಬದ ಹತ್ತಿರ ಒಂದಿಂಚು ಹೆಚ್ಚು.

"ಇವೆಲ್ಲ ನಂಗೆ ಬಾಯಿಪಾಠ" ಎಂದಳು ಇಂಚಕ್ಕ. "ಬಾ, ನಿನ್ನೆದುರೇ ಅಳೆದು ತೋರಿಸ್ತೀನಿ. ಅಳತೇಲಿ ತಪ್ಪಿದ್ರೆ ನನ್ನ ಹೆಸರು ಬದಲಾಯಿಸು."

ಕಂಬದಿಂದ ಕಂಬಕ್ಕೆ ನೆಲದ ಮೇಲೆ ದಾರ ಎಳೆದು, ಅಲ್ಲಿಂದ ಶುರುಮಾಡಿದರು. ಅರ್ಧ ಅಂಕಣ ಇಪ್ಪತ್ತೆರಡು ಅಡಿ. ಇಂಚಕ್ಕನ ಟೇಪು ಐದು ಅಡಿಯದು. ನಾಲ್ಕು ಟೇಪು, ಮೇಲೆ ಎರಡಡಿ. ಚೂಟಿ ಟೇಪಿನ ತುದಿ ಒತ್ತಿ ಹಿಡಿಯುವುದು, ಇಂಚಕ್ಕ ಇನ್ನೊಂದು ತುದಿಗೆ ಬಗ್ಗಿ ಒಂದು ಕಡ್ಡಿ ಚುಚ್ಚುವುದು. ಕಡ್ಡಿಯಿಂದ ಮತ್ತೆ ಟೇಪು. ಐದನೆಯ ಕಡ್ಡಿ ಚುಚ್ಚಿ ನೋಡಿದರೆ ಅದರ ಪಕ್ಕದಲ್ಲೇ ಹಳೆಯ ಇಟ್ಟಿಗೆ!

"ನೋಡು!" ಎಂದು ಇಂಚಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಎಂಟು ವರ್ಷ ಆಯ್ತು, ಕೂದಲೆಳೆಯಷ್ಟು ಆಚೀಚೆ ಇದೆಯಾ? ನಿಮ್ಮಪ್ಪನ್ನ ಕರ್ದು ತೋರ್ಸು."

ಚೂಟಿ ಮಾತ್ರ ಕೊನೆಯ ಕಡ್ಡಿಯನ್ನೂ ಟೇಪನ್ನೂ ನೋಡುತ್ತ ಕೂತಿದ್ದಳು. "ದೊಡ್ಡಮ್ಮ, ಎರಡಡಿ ಇಲ್ಲಿಗೆ ಮುಗೀತಲ್ಲ. ನೀವ್ಯಾಕೆ ಎರಡಿಂಚು ಮುಂದೆ ಕಡ್ಡಿ ಚುಚ್ಚಿದ್ರಿ?"

"ಅಯ್ಯೋ ಪೆದ್ದೀ, ಒಳಗೆ ಬಿಡೋದು ಬೇಡ್ವಾ?"

"ನೆಲಕ್ಕೆ ಯಾಕೆ ಒಳಗೆ ಬಿಡೋದು? ನೆಲ ಬೆಳೆಯುತ್ತಾ?"

ಇಂಚಕ್ಕ ಟೇಪು ನೋಡಿದಳು, ಕಡ್ಡಿ ನೋಡಿದಳು, ಕೊನೆಗೆ ತನ್ನ ಕೈಯನ್ನೇ ಬೇರೆ ಯಾರದೋ ಕೈಯೆಂಬಂತೆ ನೋಡಿದಳು. ಕಣ್ಣು ಓದಿದ್ದು ಸರಿಯಾಗಿತ್ತು. ಕೈ, ಇಪ್ಪತ್ತೈದು ವರ್ಷದ ರೂಢಿಯಂತೆ, ಅವಳನ್ನು ಒಂದು ಮಾತೂ ಕೇಳದೆ ಎರಡಿಂಚು ಮುಂದೆ ಹೋಗಿ ಗುರುತು ಹಾಕಿತ್ತು. ಐದು ಗುರುತು, ಗುರುತಿಗೆ ಎರಡಿಂಚು. ಹತ್ತಿಂಚು! ಅಗಲಕ್ಕೂ ಹಾಗೆಯೇ ಎಂಟಿಂಚು. ನೆಟ್ಟು ಮಾರಿದವನಿಗೆ ಬೈದದ್ದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

"ಚೂಟಿ," ಎಂದಳು ಸಣ್ಣ ದನಿಯಲ್ಲಿ, "ಮನೆಗೆ ಹೋಗು. ಇನ್ನೂ ಯಾರಿಗೂ ಹೇಳ್ಬೇಡ."

ಸುಮ್ಮನೆ ಇಟ್ಟಿಗೆ ಕಿತ್ತು ಹತ್ತಿಂಚು ಈಚೆ ಹೂತುಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಚೂಟಿಗೆ ಒಂದು ಹೊಸ ಲಂಗದ ಆಸೆ ತೋರಿಸಿದರೆ ಬಾಯಿಗೆ ಬೀಗ. ಬಾಗಿಲ ಹಲಗೆ ಹಾಗೇ ಇರುತ್ತದೆ, ಗಂಡನ ಹೆಮ್ಮೆ ಹಾಗೇ ಇರುತ್ತದೆ. ಹೊಲಿಗೆ ಯಂತ್ರದ ಮುಂದೆ ಕೂತು ಇಂಚಕ್ಕ ಸಂಜೆಯವರೆಗೂ ಇದನ್ನೇ ಯೋಚಿಸಿದಳು. ಯೋಚಿಸುತ್ತ ಯೋಚಿಸುತ್ತ ಒಂದು ಷರಟಿಗೆ ಎರಡೂ ಎಡತೋಳೇ ಹಚ್ಚಿದಳು.

ಊಟಕ್ಕೆ ಕೂತಾಗ ಗಂಡನೇ ಮಾತು ತೆಗೆದ. "ಚೂಟಿ ಹೊಡೆದಿದ್ದೆಲ್ಲ ಹೊರಗೆ ಹೋಯ್ತಂತಲ್ಲ. ಕೈ ಹದ ಇಲ್ಲ ಅಷ್ಟೇ, ಅಭ್ಯಾಸ ಮಾಡ್ಲಿ. ಕೋರ್ಟಂತೂ ನಿಂದು, ಅದರಲ್ಲಿ ತಪ್ಪು ಹುಡುಕೋಕೆ ಯಾರಿಂದಾನೂ ಆಗಲ್ಲ." ಎಂದವನು ಸ್ವಲ್ಪ ತಡೆದು, ತಟ್ಟೆ ನೋಡುತ್ತ ಅಂದ: "ಅವನು ಒಂದು ಮಾತು, 'ತಪ್ಪಾಯ್ತು ಅತ್ತಿಗೆ' ಅಂತ ನಿಂಗೆ ಅಂದಿದ್ರೆ ಸಾಕಿತ್ತು. ನಾನೇ ನೆಟ್ಟು ಇಳಿಸ್ತಿದ್ದೆ."

ಇಂಚಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು. ತಪ್ಪಾಯಿತು ಅನ್ನಬೇಕಾದವಳು ಇಲ್ಲಿ ಎದುರಿಗೇ ಕೂತಿದ್ದಾಳೆ, ಈ ಮನುಷ್ಯ ಆರು ವರ್ಷದಿಂದ ಬೇರೆ ಕಡೆ ತಿರುಗಿ ಕಾಯುತ್ತಿದ್ದಾನೆ! ಹೇಳಿದರೆ ಇವನು ಆರು ವರ್ಷ ಹೊತ್ತದ್ದೆಲ್ಲ ನೀರಿನಲ್ಲಿ ಹೋಮ. ಹೇಳದಿದ್ದರೆ ನಿಜ ಹೇಳಿದ ಮೈದುನ ಸುಳ್ಳನಾಗಿಯೇ ಉಳಿಯುತ್ತಾನೆ, ಚೂಟಿಯ ಕೈಗೆ ಸುಮ್ಮನೆ ಕೆಟ್ಟ ಹೆಸರು. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೆ ವಕ್ರವಾಗಿ ಬಿದ್ದ ಹೊಲಿಗೆಯನ್ನು ಬಿಚ್ಚದೆ ಗಿರಾಕಿಗೆ ಕೊಟ್ಟವಳಲ್ಲ ಅವಳು.

ಶನಿವಾರ ಬೆಳಿಗ್ಗೆ ಹಗ್ಗದ ಮೇಲಿನ ಬಟ್ಟೆಯನ್ನೆಲ್ಲ ಎಳೆದುಹಾಕಿ, ಎರಡೂ ಹಿಂಬಾಗಿಲಿಗೆ ಕೇಳುವಂತೆ ಕೂಗಿದಳು. "ರೀ, ಬನ್ನಿ ಇಲ್ಲಿ! ಏನಪ್ಪಾ, ನೀನೂ ಬಾ!"

ಇಬ್ಬರೂ ಬಂದರು. ಬಂದು ಒಬ್ಬರ ಮುಖ ಒಬ್ಬರು ನೋಡದೆ ಎರಡು ಕಂಬದ ಹಾಗೆ ನಿಂತರು. ಮೈದುನನ ಹೆಂಡತಿ, ಚೂಟಿ ಬಾಗಿಲಲ್ಲಿ ನಿಂತರು. ಇಂಚಕ್ಕ ಕೊರಳಿನ ಟೇಪನ್ನು ತೆಗೆದು ಕೈಯಲ್ಲಿ ಸುತ್ತಿಕೊಂಡಳು.

"ಗೆರೆ ತಪ್ಪು" ಎಂದಳು. "ಅಳೆದೋಳು ನಾನು. ತಪ್ಪು ನಂದು. ಬಟ್ಟೆ ಅಂದ್ಕೊಂಡು ನೆಲಕ್ಕೂ ಒಳಗೆ ಬಿಟ್ಟಿದ್ದೆ. ಒಂದೊಂದು ಕಡೆ ಹತ್ತತ್ತು ಇಂಚು ಜಾಸ್ತಿ ಇದೆ." ಮೈದುನನ ಕಡೆ ತಿರುಗಿದಳು. "ನೀನು ಹೇಳಿದ್ದೇ ಸರಿಯಪ್ಪಾ. ತಪ್ಪಾಯ್ತು." ಆಮೇಲೆ ಗಂಡನ ಕಡೆ ತಿರುಗಿದಳು.

ಗಂಡ ತಲೆಯಾಡಿಸಿದ. "ಆಗೋ ಮಾತಲ್ಲ."

"ಆಗಿದೆ ಕಣ್ರೀ."

"ನಿಂದು ತಪ್ಪಲ್ಲ ಅಂದ್ರೆ ತಪ್ಪಲ್ಲ. ನಮ್ಮಿಬ್ಬರನ್ನ ಒಂದು ಮಾಡೋಕೆ ಸುಳ್ಳು ಹೇಳ್ತಿದೀಯ. ತಡಿ!" ಎಂದು ದಡದಡನೆ ಒಳಗೆ ಹೋಗಿ, ಕಚೇರಿಯ ನೂರಡಿ ಟೇಪು ತಂದ, ಪೈಪು ಹಾಕುವಾಗ ರಸ್ತೆ ಅಳೆಯುವ ದೊಡ್ಡ ಟೇಪು. ಅದರ ತುದಿಯನ್ನು ಯಾರಾದರೂ ಒಬ್ಬರು ಆ ಕಡೆ ಹಿಡಿಯಲೇಬೇಕು. ಇಂಚಕ್ಕ ಕೈಕಟ್ಟಿ ನಿಂತಳು. ಚೂಟಿ ಓಡಿಬರಲು ಹೊರಟರೆ ಅವಳಮ್ಮ ಜಡೆ ಹಿಡಿದು ನಿಲ್ಲಿಸಿದಳು. ಅಣ್ಣ ಟೇಪಿನ ತುದಿ ಹಿಡಿದುಕೊಂಡು ಸುತ್ತಲೂ ನೋಡಿದ. ಯಾರೂ ಕೈ ಚಾಚಲಿಲ್ಲ. ಕೊನೆಗೆ ತಮ್ಮನೇ ಬಂದು ತುದಿಯನ್ನು ತೆಗೆದುಕೊಂಡು ಹೋಗಿ ನಿನ್ನೆ ಕಂಬದಿಂದ ಕಂಬಕ್ಕೆ ಎಳೆದಿದ್ದ ದಾರದ ಮೇಲೆ ಒತ್ತಿ ಕೂತ.

ಅಣ್ಣ ಇಟ್ಟಿಗೆಯ ಹತ್ತಿರ ಬಗ್ಗಿದ. ಟೇಪು ನಡುವೆ ಜೋತುಬಿತ್ತು.

"ಬಿಗಿಯಾಗಿ ಹಿಡಿಯೋ!" ಎಂದ.

"ಹಿಡಿದಿದೀನಿ, ನೀನು ಎಳಿ!" ಎಂದ ತಮ್ಮ.

ಆರು ವರ್ಷದಲ್ಲಿ ಅವರು ಆಡಿದ ಮೊದಲ ಮಾತು ಅದು. ಆಡಿದ್ದು ಅವರಿಬ್ಬರಿಗೂ ಗೊತ್ತಾಗಲಿಲ್ಲ. ಬಾಗಿಲಲ್ಲಿ ನಿಂತ ಇಬ್ಬರಿಗೆ ಗೊತ್ತಾಯಿತು. ಇಂಚಕ್ಕನಿಗೂ ಗೊತ್ತಾಯಿತು.

ಅಣ್ಣ ಓದಿದ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದಿದ. "ಇಪ್ಪತ್ತೆರಡು ಅಡಿ ಹತ್ತಿಂಚು" ಎಂದು ನೆಲದ ಮೇಲೇ ಕುಕ್ಕರಿಸಿದ.

"ನಾಲ್ಕು ಬೆರಳು ಅಂದ್ರೆ ಮೂರಿಂಚು" ಎಂದ ತಮ್ಮ ಅಲ್ಲಿಂದಲೇ. "ಹತ್ತರಲ್ಲಿ ಮೂರು ಕಳಿ. ಏಳಿಂಚು ಹೊರಗೆ ಬಿದ್ದಿತ್ತು! ನಾನು ಹೇಳ್ಲಿಲ್ವಾ? ನನ್ನ ಕಾಲಿಗೆ ಗೊತ್ತಿತ್ತು! ಅಬ್ಬಬ್ಬಾ ಅತ್ತಿಗೆ, ಎಂಥಾ ಅಳತೆ ನಿಮ್ದು! ಆನೆಗೆ ಅಂಗಿ ಹೊಲಿಯೋಕೆ ಹೋಗಿದ್ರಾ?"

"ಏಯ್!" ಅಣ್ಣ ಎದ್ದುನಿಂತ. "ನಮ್ಮವಳನ್ನ ಆಡ್ಕೊಳ್ಳೋಕೆ ನೀನ್ಯಾರೋ? ಇಪ್ಪತ್ತೈದು ವರ್ಷದಲ್ಲಿ ಒಂದು ತಪ್ಪು. ನೀನು ಹೋದ ವಾರ ನನ್ನ ಸೈಕಲ್ಲಿಗೆ ಬೆಲ್ಲು ತಲೆಕೆಳಗೆ ಹಾಕಿದ್ದೆ!"

"ಅದನ್ನ ಆವತ್ತೇ ಹೇಳ್ಬೇಕಿತ್ತು!"

"ಹೇಗೋ ಹೇಳ್ಲಿ? ಮಾತು ಬಿಟ್ಟಿದ್ವಲ್ಲ!"

ಮೊದಲು ಚೂಟಿ ಕಿಸಕ್ಕನೆ ನಕ್ಕಳು. ಆಮೇಲೆ ಅವಳಮ್ಮ. ಆಮೇಲೆ ತಮ್ಮ ಹುಲ್ಲಿನ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡ. ಅಣ್ಣ ನಗಬಾರದೆಂದು ಮೀಸೆ ಕಚ್ಚಿ ನೋಡಿದ, ಆಗಲಿಲ್ಲ. ಇಂಚಕ್ಕ ಮಾತ್ರ ಅಳುತ್ತಿದ್ದಳು. ಅಳುತ್ತಲೇ, "ನಿಮ್ಮ ಆರು ವರ್ಷ ತಿಂದುಬಿಟ್ನಲ್ರೀ" ಎಂದಳು.

ಗಂಡ ಅವಳ ಕೈಯಿಂದ ಟೇಪು ತೆಗೆದು ಅವಳ ಕೊರಳಿಗೇ ಮತ್ತೆ ಹಾಕಿದ. "ತಿಂದೋರು ನಾವಿಬ್ರು. ನಿಂದು ಬರೀ ಹತ್ತಿಂಚು. ಅಳ್ಬೇಡ, ಹಲಗೆ ನೆನಪಿದೆಯಲ್ಲ? ಅಳತೆ ತಪ್ಪಿದ್ರೆ ಹೊಲಿಗೆ ಪುಕ್ಕಟೆ. ಇಬ್ಬರಿಗೂ ಒಂದೊಂದು ಷರಟು."

"ನಂಗೆ ಎರಡು" ಎಂದ ತಮ್ಮ ಬಿದ್ದಲ್ಲಿಂದಲೇ. "ನಾನು ಸರಿ ಹೇಳಿದ್ದೆ."

ಆಮೇಲೆ ಕೆಲಸವೋ ಕೆಲಸ. ಅಟ್ಟದಿಂದ ನೆಟ್ಟು ಇಳಿಯಿತು. ಇಲಿ ಕಡಿದ ಕಡೆ ಇಂಚಕ್ಕ ದಾರ ಹಾಕಿ ಹೆಣೆದಳು. ನೂರಡಿ ಟೇಪಿನಲ್ಲಿ ಅಣ್ಣತಮ್ಮಂದಿರು ಅಳೆದರು, ಇಂಚಕ್ಕ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಂಕಿ ಮಾತ್ರ ಕೂಗಿದಳು. ಮೂಲೆಯಿಂದ ಎದುರು ಮೂಲೆಗೆ ಹಿಡಿದರೆ ನಲವತ್ತೆಂಟು ಅಡಿ ನಾಲ್ಕಿಂಚು. ಇನ್ನೆರಡು ಮೂಲೆಗೂ ಅಷ್ಟೇ. ಅಂದರೆ ಅಂಕಣ ಸೊಟ್ಟಗಿಲ್ಲ. ಚೂಟಿ ಸುಣ್ಣ ಎಳೆದಳು. ಹಳೆಯ ಇಟ್ಟಿಗೆ ಕೀಳಲು ತಮ್ಮ ಹಾರೆ ತಂದಾಗ ಅಣ್ಣ, "ಇರ್ಲಿ ಬಿಡೋ" ಎಂದ. ಬಿಳಿ ಗೆರೆಯ ಆಚೆ ಆ ಕೆಂಪು ಇಟ್ಟಿಗೆಗಳು ಹಾಗೇ ಉಳಿದವು.

"ಈಗ ಲೆಕ್ಕ ಏನು?" ಎಂದ ತಮ್ಮ ರ್‍ಯಾಕೆಟ್ಟಿನ ಧೂಳು ಕೊಡವುತ್ತ. "ಆವತ್ತಿನ ಹೊಡೆತ ಹೊರಗೆ ಅಂದ್ಮೇಲೆ ಆ ಅಂಕ ನಂದು. ಇಪ್ಪತ್ತು–ಇಪ್ಪತ್ತು. ಆಟ ಮುಗಿದೇ ಇಲ್ಲ!"

"ಸರಿ, ಹಾಕು ಸರ್ವೀಸು."

"ನಾನು ಅಭ್ಯಾಸ ಮಾಡ್ಬೇಕು!" ಎಂದಳು ಚೂಟಿ.

"ಎರಡೇ ನಿಮಿಷ" ಎಂದರು ಇಬ್ಬರೂ ಒಟ್ಟಿಗೆ.

ಆರು ವರ್ಷದಲ್ಲಿ ಒಬ್ಬನಿಗೆ ಹೊಟ್ಟೆ ಬಂದಿತ್ತು, ಇನ್ನೊಬ್ಬನಿಗೆ ಮಂಡಿನೋವು. ಆದರೂ ಶಟಲ್ ಆಚೆಯಿಂದೀಚೆ ಹತ್ತು ಸಲ ಹೋಯಿತು. ಹನ್ನೊಂದನೆಯ ಸಲ ತಮ್ಮ ಮೇಲಕ್ಕೆತ್ತಿ ಹೊಡೆದ. ಅಣ್ಣ ಹಿಂದಕ್ಕೆ ಓಡಿದ, ಕತ್ತೆತ್ತಿ ನೋಡಿದ, ಬಿಟ್ಟ. ಶಟಲ್ ಬಿಳಿ ಗೆರೆ ದಾಟಿ, ಹಳೆಯ ಇಟ್ಟಿಗೆಗಳಿಗೆ ಈಚೆ, ಹತ್ತಿಂಚಿನ ಆ ಜಾಗದಲ್ಲಿ ಬಿತ್ತು.

ಅಣ್ಣ ಬಗ್ಗಿ ಶಟಲ್ ನೋಡಿದ. ತುಂಬ ಹೊತ್ತು ನೋಡಿದ.

"ಒಳಗೆ" ಎಂದ.

"ಏನು ಒಳಗೆ? ಇಲ್ಲಿಂದಲೇ ಕಾಣ್ತಿದೆ, ಹೊರಗೆ ಬಿದ್ದಿದೆ. ನಿನ್ನ ಅಂಕ ಅಣ್ಣ."

"ನಮ್ಮವಳು ಒಳಗೆ ಬಿಟ್ಟಿರೋ ಜಾಗದಲ್ಲಿ ಬಿದ್ದಿದೆ. ಒಳಗೆ ಅಂದೆನಲ್ಲ!"

"ಹೊರಗೆ ಅಂತಿದೀನಿ ನಾನು!"

"ಬಾಯಿ ಮುಚ್ಚೋ, ದೊಡ್ಡೋನು ಹೇಳ್ತಿದೀನಿ, ಒಳಗೆ!"

ನೆಟ್ಟಿನ ಹತ್ತಿರಕ್ಕೆ ಬಂದು ಇಬ್ಬರೂ ಮೂಗಿಗೆ ಮೂಗು ತಾಗುವಂತೆ ಕೂಗಾಡತೊಡಗಿದರು. ಚೂಟಿ ತಲೆ ಮೇಲೆ ಕೈ ಹೊತ್ತು ಕೂತಳು. ಅವಳಮ್ಮ, "ಅಕ್ಕಾ, ಟೇಪು ತಗೊಂಡು ಹೋಗಿ ಬೇಗ, ಮತ್ತೆ ಶುರುವಾಯ್ತು!" ಎಂದಳು.

ಇಂಚಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಕೊರಳಿನ ಟೇಪನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು, ಎದ್ದು ಹೋಗಲಿಲ್ಲ. "ಕೂಗಾಡ್ಲಿ ಬಿಡೇ" ಎಂದಳು. "ಎಷ್ಟು ಬೇಕೋ ಅಷ್ಟು ಕೂಗಾಡ್ಲಿ."